ಮೈಕ್ರೋವೇವ್ ಓವನ್: ಮನೆಗೆ ತರುವ ಮುನ್ನ, ತಂದ ಮೇಲೆ



ಶೀರ್ಷಿಕೆ ನೋಡಿ "ಇದನ್ನು ಸೈನ್ಸ್‌ನವರು ಬರೆಯಬೇಕಿತ್ತಲ್ಲವೇ?" ಎಂದು ನಿಮಗೆ ಅನ್ನಿಸಬಹುದು. ನಾನು ಓದುತ್ತಿರುವುದು ಕಾಮರ್ಸ್. ಆದರೆ ನಮ್ಮ ಮನೆಗೆ ಮೈಕ್ರೋವೇವ್ ಬಂದಾಗ ಅದರ ಜೊತೆಗಿದ್ದ ಪುಸ್ತಿಕೆ ಓದುವ ಕೆಲಸ ನನ್ನ ಪಾಲಿಗೆ ಬಂತು. ಪುಸ್ತಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿತ್ತು. ಅಮ್ಮಿ ಉರ್ದು ಓದುತ್ತಾರೆ, ಅಬ್ಬಾ ಕನ್ನಡ ಓದುತ್ತಾರೆ, ದಾದಿಗೆ ಓದಲು ಬರುವುದಿಲ್ಲ. ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಹೀಗೇ ಇದೆ. ಹೊಸ ಯಂತ್ರ ಮನೆಗೆ ಬರುತ್ತದೆ, ಅದನ್ನು ಹೆಚ್ಚು ಬಳಸುವವರಿಗೆ ಅದರ ಎಚ್ಚರಿಕೆಗಳು ತಲುಪುವುದೇ ಇಲ್ಲ. ಆದ್ದರಿಂದ ನಾನು ಓದಿ, ಕೇಳಿ ತಿಳಿದುಕೊಂಡದ್ದನ್ನು ಕ್ರಮವಾಗಿ ಬರೆದಿದ್ದೇನೆ.

ನಾವು ಇದನ್ನು ತಂದದ್ದು ದಾದಿಗಾಗಿ. ಅವರಿಗೆ ಕೈ ನಡುಕವಿದೆ. ರಂಜಾನ್‌ನಲ್ಲಿ ಸಹರಿಗೆ ಎಲ್ಲರಿಗಿಂತ ಮೊದಲು ಎದ್ದು, ಯಾರನ್ನೂ ಎಬ್ಬಿಸದೆ ಗ್ಯಾಸ್ ಹಚ್ಚಿ ಹಾಲು ಬಿಸಿ ಮಾಡುತ್ತಾರೆ. ಒಮ್ಮೆ ಅವರ ಸೆರಗಿನ ಅಂಚು ಸುಟ್ಟಿತ್ತು. ಬೆಂಕಿ ಬೇಡವೆಂದು ತಂದ ಯಂತ್ರವೇ ಇನ್ನೊಂದು ಅಪಾಯ ಆಗಬಾರದಲ್ಲವೇ?

1. ಇದು ಹೇಗೆ ಬಿಸಿ ಮಾಡುತ್ತದೆ?

ಅಮೆರಿಕದ ರೇಥಿಯಾನ್ ಕಂಪನಿಯಲ್ಲಿ ರೇಡಾರ್ ಕೆಲಸದಲ್ಲಿದ್ದ ಪರ್ಸಿ ಸ್ಪೆನ್ಸರ್ ಎಂಬ ಇಂಜಿನಿಯರ್ 1945ರಲ್ಲಿ ಈ ವಿಧಾನವನ್ನು ಕಂಡುಕೊಂಡರು. ಓವನ್ ಒಳಗೆ ಮ್ಯಾಗ್ನೆಟ್ರಾನ್ ಎಂಬ ಭಾಗವಿದೆ. ಅದು 2450 ಮೆಗಾಹರ್ಟ್ಸ್ ಆವರ್ತನದ ಅಲೆಗಳನ್ನು ಹೊರಡಿಸುತ್ತದೆ. ಈ ಅಲೆಗಳು ಆಹಾರದಲ್ಲಿರುವ ನೀರಿನ ಅಣುಗಳನ್ನು ಅತಿ ವೇಗವಾಗಿ ಅಲುಗಾಡಿಸುತ್ತವೆ. ಅದರಿಂದ ಶಾಖ ಹುಟ್ಟುತ್ತದೆ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಮೊದಲನೆಯದು, "ಮೈಕ್ರೋವೇವ್ ಒಳಗಿನಿಂದ ಹೊರಗೆ ಬೇಯಿಸುತ್ತದೆ" ಎಂಬುದು. ಅಲೆಗಳು ಆಹಾರದೊಳಗೆ ಕೆಲವೇ ಸೆಂಟಿಮೀಟರ್ ಹೋಗುತ್ತವೆ. ಅದಕ್ಕಿಂತ ಒಳಗಿನ ಭಾಗ ನಿಧಾನವಾಗಿ, ಹೊರಗಿನ ಶಾಖದಿಂದ ಬಿಸಿಯಾಗುತ್ತದೆ. ದಪ್ಪ ಮಾಂಸದ ತುಂಡು ಮೇಲೆ ಸುಡುವಂತಿದ್ದು ನಡುವೆ ತಣ್ಣಗಿರುವುದು ಇದೇ ಕಾರಣಕ್ಕೆ.

ಎರಡನೆಯದು, "ಆಹಾರದಲ್ಲಿ ವಿಕಿರಣ ಉಳಿದುಬಿಡುತ್ತದೆ" ಎಂಬುದು. ಇವು ಎಕ್ಸ್-ರೇಯಂಥ ಕಿರಣಗಳಲ್ಲ. ಬಲ್ಬ್ ಆರಿಸಿದರೆ ಕೋಣೆಯಲ್ಲಿ ಬೆಳಕು ಉಳಿಯುವುದಿಲ್ಲ. ಹಾಗೆಯೇ ಓವನ್ ನಿಂತ ಕೂಡಲೇ ಅಲೆಗಳೂ ನಿಲ್ಲುತ್ತವೆ. ಬಾಗಿಲಿನ ಗಾಜಿನಲ್ಲಿರುವ ಲೋಹದ ಜಾಲರಿಯನ್ನು ಗಮನಿಸಿ. ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಜಾಲರಿಯ ತೂತುಗಳು ಬಹಳ ಚಿಕ್ಕವು. ಆದ್ದರಿಂದ ಬೆಳಕು ಹೊರಗೆ ಬರುತ್ತದೆ, ಅಲೆಗಳು ಬರುವುದಿಲ್ಲ. ಬಾಗಿಲು ತೆರೆದರೆ ಒಳಗಿನ ಸ್ವಿಚ್‌ಗಳು ಯಂತ್ರವನ್ನು ತಾವೇ ನಿಲ್ಲಿಸುತ್ತವೆ. ಇದೆಲ್ಲ ನಿಂತಿರುವುದು ಬಾಗಿಲಿನ ಮೇಲೆ. ಬಾಗಿಲು ಸೊಟ್ಟಗಾದ, ಗಾಜು ಬಿರುಕು ಬಿಟ್ಟ, ಕೊಂಡಿ ಸಡಿಲವಾದ ಓವನ್ ಅನ್ನು ಬಳಸಲೇಬಾರದು. ಚಿಕ್ಕ ಮಕ್ಕಳು ತೆರೆದ ಬಾಗಿಲಿಗೆ ಜೋತು ಬೀಳದಂತೆ ನೋಡಿಕೊಳ್ಳಬೇಕು.

2. ಕೊಳ್ಳುವಾಗ

ಅಂಗಡಿಯಲ್ಲಿ ಸೋಲೋ, ಗ್ರಿಲ್, ಕನ್ವೆಕ್ಷನ್ ಎಂದು ಮೂರು ಬಗೆ ತೋರಿಸುತ್ತಾರೆ. ಬರೀ ಬಿಸಿ ಮಾಡಲು ಸೋಲೋ ಸಾಕು. ಕೇಕ್ ಮಾಡುವ ಆಸೆ ಇದ್ದರೆ ಕನ್ವೆಕ್ಷನ್. ಹಿಂಭಾಗದ ಲೇಬಲ್ ಮೇಲೆ ಬಿಐಎಸ್ ಗುರುತು ಮತ್ತು 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಈ ಸಂಖ್ಯೆಯನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿ ಪರೀಕ್ಷಿಸಬಹುದು. ಬಿಲ್ ಮತ್ತು ವಾರಂಟಿ ಕಾರ್ಡ್ ಕೇಳಿ ಪಡೆಯಿರಿ. ನಾವು ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ಪರೀಕ್ಷೆಗೆ ಓದುತ್ತೇವೆ, ಆದರೆ ಬಿಲ್ ಕೇಳಲು ಸಂಕೋಚಪಡುತ್ತೇವೆ! ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

3. ಪ್ಲಗ್ ಹಾಕುವ ಮುನ್ನ

ಇದು ಅತಿ ಮುಖ್ಯವಾದ ಭಾಗ. ಡಬ್ಬದ ಮೇಲೆ '800 ವ್ಯಾಟ್' ಎಂದಿದ್ದರೆ ಅದು ಆಹಾರಕ್ಕೆ ಸಿಗುವ ಶಕ್ತಿ. ಯಂತ್ರ ಎಳೆಯುವ ಕರೆಂಟು ಅದಕ್ಕಿಂತ ಹೆಚ್ಚು. ಆ ಅಂಕಿ ಹಿಂಭಾಗದ ಲೇಬಲ್‌ನಲ್ಲಿ ಇರುತ್ತದೆ. ನಮ್ಮದರಲ್ಲಿ 1200 ವ್ಯಾಟ್. ಲೆಕ್ಕ ಸುಲಭ: ವ್ಯಾಟ್ ಅನ್ನು ವೋಲ್ಟ್‌ನಿಂದ ಭಾಗಿಸಿದರೆ ಆಂಪಿಯರ್.

1200 ÷ 230 = ಸುಮಾರು 5.2 ಆಂಪಿಯರ್
2200 ವ್ಯಾಟ್‌ನ ಕನ್ವೆಕ್ಷನ್ ಆದರೆ: 2200 ÷ 230 = ಸುಮಾರು 9.6 ಆಂಪಿಯರ್

ಫ್ಯಾನು, ಮೊಬೈಲ್ ಚಾರ್ಜರ್ ಹಾಕುವ ಚಿಕ್ಕ ಸಾಕೆಟ್ 6 ಆಂಪಿಯರ್‌ನದು. ಕನ್ವೆಕ್ಷನ್‌ಗೆ ಅದು ಸಾಲುವುದೇ ಇಲ್ಲ. ಸೋಲೋಗೂ ಅದು ಮಿತಿಯ ಅಂಚಿಗೆ ಬರುತ್ತದೆ. ಆದ್ದರಿಂದ 16 ಆಂಪಿಯರ್‌ನ ದೊಡ್ಡ ಪವರ್ ಪಾಯಿಂಟ್ ಅನ್ನು ಓವನ್‌ಗಾಗಿಯೇ ಇಡುವುದು ಒಳ್ಳೆಯದು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಫ್ರಿಜ್ ಮತ್ತು ಓವನ್ ಎರಡನ್ನೂ ಒಂದೇ ಬೋರ್ಡಿಗೆ ಸಿಕ್ಕಿಸುವುದಂತೂ ಬೇಡವೇ ಬೇಡ. ತೆಳು ವೈರ್ ಬಿಸಿಯಾಗಿ ಕರಗಿ ಬೆಂಕಿ ಹತ್ತುವುದು ಇಂಥ ಕಡೆಯೇ.

ಇನ್ನು ಅರ್ಥ್. ತ್ರೀ-ಪಿನ್ ಪ್ಲಗ್‌ನಲ್ಲಿ ಮೇಲಿನ ದಪ್ಪ ಪಿನ್ ಅರ್ಥ್‌ನದು. ಓವನ್‌ನ ಲೋಹದ ಮೈಗೆ ಹೇಗಾದರೂ ಕರೆಂಟು ತಗುಲಿದರೆ ಅದು ಈ ದಾರಿಯಿಂದ ಭೂಮಿಗೆ ಹರಿಯುತ್ತದೆ, ಎಂಸಿಬಿ ಅಥವಾ ಫ್ಯೂಸ್ ಬಿದ್ದುಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಮುಟ್ಟಿದವರ ಮೈಯೇ ದಾರಿ.

ಸಾಕೆಟ್‌ನಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ಅರ್ಥ್ ಇದೆ ಎಂದಲ್ಲ. ನಮ್ಮದು ಹಳೆಯ ಬಾಡಿಗೆ ಮನೆ. ಎಲೆಕ್ಟ್ರಿಷಿಯನ್ ಚಾಚಾ ಅಡುಗೆಮನೆಯ ಬೋರ್ಡ್ ಬಿಚ್ಚಿ ತೋರಿಸಿದರು: ಮೇಲಿನ ತೂತಿಗೆ ವೈರೇ ಇರಲಿಲ್ಲ. "ಇದಕ್ಕೆ ಓವನ್ ಹಾಕಿದ್ದರೆ ಕೆಲಸವೇನೋ ಮಾಡುತ್ತಿತ್ತು, ಬೇಟಾ. ಅದೇ ಭಯದ ವಿಷಯ" ಎಂದರು. ಅಂದರೆ ಅರ್ಥ್ ಇಲ್ಲದಿದ್ದರೂ ಯಂತ್ರ ನಡೆಯುತ್ತದೆ, ಕೊರತೆ ಯಾರಿಗೂ ಗೊತ್ತಾಗುವುದಿಲ್ಲ. ಟೆಸ್ಟರ್ ಸ್ಕ್ರೂಡ್ರೈವರ್‌ನಿಂದ ಇದು ತಿಳಿಯದು. ಫೇಸ್ ಮತ್ತು ಅರ್ಥ್ ನಡುವೆ ಮೀಟರ್ ಇಟ್ಟು ನೋಡಬೇಕು. ಅದನ್ನು ಎಲೆಕ್ಟ್ರಿಷಿಯನ್ನರೇ ಮಾಡಬೇಕು.

ಮನೆ ಮಾಲೀಕರು ಮೊದಲು "ಇಷ್ಟು ವರ್ಷ ಏನೂ ಆಗಿಲ್ಲವಲ್ಲ" ಎಂದರು. ಅಬ್ಬಾ ಜಗಳ ಮಾಡಲಿಲ್ಲ. "ಭಾಯ್, ವೈರಿಂಗ್ ನಿಮ್ಮ ಮನೆಯದು, ಜೀವ ನಮ್ಮದು. ಖರ್ಚು ಅರ್ಧರ್ಧ ಮಾಡೋಣ" ಎಂದರು. ಅವರು ಒಪ್ಪಿದರು. ಅಲ್ಲಿಯವರೆಗೆ ಹನ್ನೆರಡು ದಿನ ಓವನ್ ಡಬ್ಬದಲ್ಲೇ ಇತ್ತು. ಸಾಧ್ಯವಿದ್ದರೆ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಕರೆಂಟು ಸೋರಿದ ಕ್ಷಣವೇ ಅದು ಲೈನ್ ಕಡಿಯುತ್ತದೆ.

4. ಎಲ್ಲಿ ಇಡಬೇಕು?

ಗಟ್ಟಿಯಾದ, ಸಮತಟ್ಟಾದ ಕಟ್ಟೆಯ ಮೇಲೆ. ಗ್ಯಾಸ್ ಒಲೆಯ ಪಕ್ಕ ಬೇಡ, ನಲ್ಲಿಯ ನೀರು ಸಿಡಿಯುವ ಕಡೆ ಬೇಡ. ಹಿಂದೆ, ಪಕ್ಕದಲ್ಲಿ, ಮೇಲೆ ಗಾಳಿ ಆಡಲು ಜಾಗ ಬೇಕು. ಎಷ್ಟು ಎಂಬುದು ಆಯಾ ಪುಸ್ತಿಕೆಯಲ್ಲಿದೆ. ನಮ್ಮದರಲ್ಲಿ ಹಿಂದೆ 10, ಮೇಲೆ 20 ಸೆಂಟಿಮೀಟರ್. ಗಾಳಿ ಕಿಂಡಿ ಮುಚ್ಚುವಂತೆ ಕಸೂತಿ ಹೊದಿಕೆ ಹಾಕಿ, ಅದರ ಮೇಲೆ ಬ್ರೆಡ್ಡು, ಬಿಸ್ಕತ್ ಡಬ್ಬ ಇಡುವುದು ನಮ್ಮ ಮನೆಗಳ ಪದ್ಧತಿ. ಓವನ್ ನಡೆಯುವಾಗ ಅದರ ಮೇಲೆ ಏನೂ ಇರಬಾರದು. ಬಿಸಿ ಬಟ್ಟಲು ಇಳಿಸುವಾಗ ಮುಖದ ಮೇಲೆ ಚೆಲ್ಲದಂತೆ, ಬಳಸುವವರ ಎದೆ ಮಟ್ಟಕ್ಕಿಂತ ಎತ್ತರದಲ್ಲೂ ಇಡಬಾರದು.

5. ಯಾವ ಪಾತ್ರೆ?

ನಮ್ಮ ಅಡುಗೆಮನೆ ಪೂರ್ತಿ ಸ್ಟೀಲ್ ಮತ್ತು ಅಲ್ಯೂಮಿನಿಯಂ. ಇವು ಮೈಕ್ರೋವೇವ್‌ಗೆ ಆಗುವುದಿಲ್ಲ. ಲೋಹ ಅಲೆಗಳನ್ನು ತಿರುಗಿಸಿಬಿಡುತ್ತದೆ, ಚೂಪು ಅಂಚಿನಲ್ಲಿ ಕಿಡಿ ಹಾರುತ್ತದೆ.

ಇಡಬಹುದು: ಶಾಖ ತಡೆಯುವ ಗಾಜಿನ ಬಟ್ಟಲು, ಚಿತ್ತಾರವಿಲ್ಲದ ಪಿಂಗಾಣಿ, 'ಮೈಕ್ರೋವೇವ್ ಸೇಫ್' ಎಂದು ಬರೆದಿರುವ ಪ್ಲಾಸ್ಟಿಕ್.

ಇಡಬಾರದು: ಸ್ಟೀಲ್ ಡಬ್ಬ, ಅಲ್ಯೂಮಿನಿಯಂ ಫಾಯಿಲ್, ಚಿನ್ನದ ಬಣ್ಣದ ಅಂಚಿರುವ ಪಿಂಗಾಣಿ (ಈದ್‌ಗೆ ಮಾತ್ರ ತೆಗೆಯುವ ಆ ಸೆಟ್!), ಮೆಲಮೈನ್ ತಟ್ಟೆ, ಹೋಟೆಲ್ ಪಾರ್ಸೆಲ್‌ನ ತೆಳು ಪ್ಲಾಸ್ಟಿಕ್, ಸ್ಟೇಪಲ್ ಪಿನ್ ಇರುವ ಪೊಟ್ಟಣ, ಪತ್ರಿಕೆಯ ಕಾಗದ.

6. ಬಿಸಿ ಮಾಡುವಾಗ

ಮುಚ್ಚಳ ಬಿಗಿಯಾಗಿ ಹಾಕಬೇಡಿ. ಆವಿ ಹೊರಗೆ ಹೋಗದಿದ್ದರೆ ಪಾತ್ರೆ ಸಿಡಿಯುತ್ತದೆ. ಮೊಟ್ಟೆಯನ್ನು ಸಿಪ್ಪೆಯೊಂದಿಗೆ ಇಡಬಾರದು. ಬೇಯಿಸಿ ಸುಲಿದ ಇಡೀ ಮೊಟ್ಟೆಯೂ ಸಿಡಿಯಬಹುದು, ಕತ್ತರಿಸಿ ಇಡಿ. ಎಣ್ಣೆಯಲ್ಲಿ ಕರಿಯುವ ಕೆಲಸ ಇದರಲ್ಲಿ ಬೇಡ. ಒಳಗೆ ಏನೂ ಇಲ್ಲದೆ ಓವನ್ ಓಡಿಸಬಾರದು, ಮ್ಯಾಗ್ನೆಟ್ರಾನ್ ಹಾಳಾಗುತ್ತದೆ.

ಬರೀ ನೀರಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ನುಣುಪಾದ ಕಪ್ಪಿನಲ್ಲಿ ನೀರು 100 ಡಿಗ್ರಿ ದಾಟಿದರೂ ಗುಳ್ಳೆ ಏಳದೆ ಸುಮ್ಮನಿರಬಹುದು. ಚಮಚ ಅಥವಾ ಟೀ ಬ್ಯಾಗ್ ಹಾಕಿದ ಕೂಡಲೇ ಒಮ್ಮೆಲೇ ಉಕ್ಕಿ ಕೈಮುಖ ಸುಡುತ್ತದೆ. ಆದ್ದರಿಂದ ಹೆಚ್ಚು ಹೊತ್ತು ಇಡಬೇಡಿ, ನಿಂತ ಮೇಲೆ ಅರ್ಧ ನಿಮಿಷ ಬಿಟ್ಟು ತೆಗೆಯಿರಿ.

ಹಸುಗೂಸಿನ ಹಾಲಿನ ಬಾಟಲಿಯನ್ನು ಇದರಲ್ಲಿ ಬಿಸಿ ಮಾಡಬಾರದು. ಬಾಟಲಿ ಮುಟ್ಟಿದರೆ ಬೆಚ್ಚಗೆ, ಒಳಗೆ ಒಂದು ಕಡೆ ಸುಡುವ ಹಾಲು. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಡುವ ಹಳೆಯ ವಿಧಾನವೇ ಸರಿ.

7. ಉಳಿದ ಬಿರಿಯಾನಿ

ವಲೀಮಾ ಊಟದಿಂದ ಬಂದ ಬಿರಿಯಾನಿ ರಾತ್ರಿಯೆಲ್ಲ ಹೊರಗಿದ್ದು ಬೆಳಿಗ್ಗೆ ಬಿಸಿಯಾಗುವುದು ಎಲ್ಲರ ಮನೆಯಲ್ಲೂ ಉಂಟು. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಬದುಕುಳಿಯಬಲ್ಲವು. ಅನ್ನ ಹೊರಗೇ ಇದ್ದರೆ ಅವು ಬೆಳೆದು ವಿಷ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಆದ್ದರಿಂದ ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಬಿಸಿ ಮಾಡುವಾಗ ಎರಡು ಚಮಚ ನೀರು ಚಿಮುಕಿಸಿ, ತಟ್ಟೆಯಲ್ಲಿ ಹರಡಿ, ನಡುವೆ ಒಮ್ಮೆ ಕಲಕಿ. ಎಲ್ಲ ಕಡೆಯಿಂದ ಆವಿ ಏಳಬೇಕು. ನಂತರ ಒಂದೆರಡು ನಿಮಿಷ ಹಾಗೇ ಬಿಟ್ಟರೆ ಶಾಖ ಒಳಗೂ ಹರಡುತ್ತದೆ.

8. ಒಳಗೆ ಬೆಂಕಿ ಕಂಡರೆ

ಬಾಗಿಲು ತೆರೆಯಬೇಡಿ! ತೆರೆದರೆ ಗಾಳಿ ಸಿಕ್ಕಿ ಬೆಂಕಿ ಜೋರಾಗುತ್ತದೆ. ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕೀಳಿ, ತಾನಾಗಿ ಆರುವವರೆಗೆ ಕಾಯಿರಿ. ನೀರು ಎರಚಬೇಡಿ. ಆರದಿದ್ದರೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ 112ಕ್ಕೆ ಕರೆ ಮಾಡಿ.

ಯಂತ್ರ ಕೆಟ್ಟರೆ ಸ್ಕ್ರೂ ಬಿಚ್ಚಿ ನೋಡುವ ಸಾಹಸ ಬೇಡ. ಒಳಗಿನ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಜೀವ ತೆಗೆಯುವಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು.

9. ಖರ್ಚಿನ ಲೆಕ್ಕ

ಈಗ ನಮ್ಮ ವಿಷಯಕ್ಕೆ ಬರೋಣ! 1200 ವ್ಯಾಟ್ ಓವನ್ ದಿನಕ್ಕೆ ಒಟ್ಟು 30 ನಿಮಿಷ ನಡೆದರೆ 0.6 ಯೂನಿಟ್, ತಿಂಗಳಿಗೆ 18 ಯೂನಿಟ್. ಬಳಸದಿದ್ದಾಗಲೂ ಗಡಿಯಾರದ ದೀಪ ಉರಿಯುತ್ತದೆ. 3 ವ್ಯಾಟ್ ಎಂದುಕೊಂಡರೂ ತಿಂಗಳಿಗೆ 2 ಯೂನಿಟ್ ದಾಟುತ್ತದೆ. ಒಟ್ಟು ಸುಮಾರು 20.

ಗೃಹಜ್ಯೋತಿ ಇರುವ ಮನೆಗಳಿಗೆ ಇದು ಮುಖ್ಯ. ಸಾಮಾನ್ಯವಾಗಿ 2022-23ರ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ ನಮ್ಮ ಉಚಿತ ಮಿತಿ ನಿಗದಿಯಾಗಿದೆ. ಉದಾಹರಣೆಗೆ ಸರಾಸರಿ 110 ಆಗಿದ್ದರೆ ಮಿತಿ 121. ಈಗಿನ ಬಳಕೆ 115 ಇದ್ದು, ಓವನ್‌ನ 20 ಸೇರಿದರೆ 135. ಹೆಚ್ಚಾದ 14 ಯೂನಿಟ್‌ಗೆ ಹಣ ಕಟ್ಟಬೇಕು. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೆ 84 ರೂಪಾಯಿ. ಒಟ್ಟು ಬಳಕೆ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಆದ್ದರಿಂದ ಬಳಸಿದ ಮೇಲೆ ಗೋಡೆಯ ಸ್ವಿಚ್ ಆರಿಸಿ. ಹಣವೂ ಉಳಿಯುತ್ತದೆ, ಮಕ್ಕಳು ಗುಂಡಿ ಒತ್ತುವ ಭಯವೂ ಇರುವುದಿಲ್ಲ.

10. ಓದಲು ಬಾರದವರಿಗೆ

ದಾದಿಗಾಗಿ ಎರಡೇ ಗುಂಡಿಗೆ ಸ್ಟಿಕರ್ ಅಂಟಿಸಿದೆವು. ಹಸಿರು ಎಂದರೆ 30 ಸೆಕೆಂಡ್, ಕೆಂಪು ಎಂದರೆ ನಿಲ್ಲಿಸು. ಒಂದು ಲೋಟ ಹಾಲಿಗೆ ಹಸಿರು ಎರಡು ಸಲ. ಹಾಲಿನ ಗಾಜಿನ ಲೋಟ ಓವನ್ ಪಕ್ಕದಲ್ಲೇ ಇರುತ್ತದೆ, ಸ್ಟೀಲ್ ಲೋಟಗಳನ್ನು ಅಮ್ಮಿ ಬೇರೆ ಕಪಾಟಿಗೆ ಸಾಗಿಸಿದ್ದಾರೆ. ಹತ್ತು ಎಚ್ಚರಿಕೆ ಹೇಳಿ ಮರೆತುಹೋಗುವುದಕ್ಕಿಂತ, ತಪ್ಪು ಪಾತ್ರೆ ಕೈಗೆ ಸಿಗದ ಹಾಗೆ ಮಾಡುವುದು ಸುಲಭ.

ಈ ವಾರ ಮನೆಯಲ್ಲಿ ಮಾಡಿ ನೋಡಿ

ಅ) ನಿಮ್ಮ ಓವನ್, ಮಿಕ್ಸಿ, ಇಸ್ತ್ರಿಪೆಟ್ಟಿಗೆಯ ಲೇಬಲ್ ಓದಿ ಪ್ರತಿಯೊಂದರ ಆಂಪಿಯರ್ ಲೆಕ್ಕ ಹಾಕಿ. ಯಾವುದು ಯಾವ ಸಾಕೆಟ್‌ನಲ್ಲಿದೆ ಎಂದು ಪಕ್ಕದಲ್ಲಿ ಬರೆಯಿರಿ.
ಆ) ಅಡುಗೆಮನೆಯ ಸಾಕೆಟ್‌ಗೆ ಅರ್ಥ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಲು ಮನೆಯವರಿಗೆ ಹೇಳಿ.
ಇ) ವಿದ್ಯುತ್ ಬಿಲ್ ನೋಡಿ ನಿಮ್ಮ ಗೃಹಜ್ಯೋತಿ ಮಿತಿಗೆ ಇನ್ನೆಷ್ಟು ಯೂನಿಟ್ ಬಾಕಿ ಇದೆ ಎಂದು ಕಂಡುಹಿಡಿಯಿರಿ.
ಈ) ಯಾವುದಾದರೂ ಒಂದು ಯಂತ್ರದ ಪುಸ್ತಿಕೆಯ ಎಚ್ಚರಿಕೆಗಳನ್ನು ಮನೆಯವರಿಗೆ ಅವರ ಭಾಷೆಯಲ್ಲಿ ಓದಿ ಹೇಳಿ.

ನಾಲ್ಕರಲ್ಲಿ ಒಂದನ್ನೇ ಮಾಡುವುದಾದರೆ ಎರಡನೆಯದನ್ನು ಮಾಡಿ.