ರೇಖೆಯಿಂದ ಚೌಕಕ್ಕೆ

‘ದನ’ಕ್ಕೂ ‘ಧನ’ಕ್ಕೂ ಬರಹದಲ್ಲಿರುವ ಅಂತರವು ಅಕ್ಷರದ ಬುಡದ ಒಂದು ಪುಟ್ಟ ಗೀರು ಮಾತ್ರ. ಹೊಟ್ಟೆ ಸೀಳುವುದೆಂದು ಮಕ್ಕಳು ಕಲಿಯುವ ಈ ಗೀರು ಅಳಿಸಿಹೋದರೆ ಸಂಪತ್ತು ಹಟ್ಟಿಯನ್ನು ಸೇರುತ್ತದೆ. ಕಂಪ್ಯೂಟರಿನ ತೆರೆಯ ಮೇಲೆ ಇಂತಹ ಅನಾಹುತವು ಸುಲಭವಾಗಿಯೇ ಸಂಭವಿಸಬಲ್ಲದು.

ಇಂದಿನ ಅಚ್ಚಿನ ಅಕ್ಷರಗಳನ್ನು ಕಂಪ್ಯೂಟರು ವಕ್ರರೇಖೆಗಳ ಸಮೀಕರಣಗಳಾಗಿ ಕಾಪಿಡುತ್ತದೆ. ಇದೇ ವೆಕ್ಟರ್ ರೂಪ. ಈ ರೇಖೆಗಳಿಗೆ ಫ್ರಾನ್ಸಿನ ಇಂಜಿನಿಯರ್ ಪಿಯರ್ ಬೆಜಿಯೇಯ ಹೆಸರಿದೆ. 1960ರ ದಶಕದಲ್ಲಿ ಆತನು ರೆನೋ ಸಂಸ್ಥೆಯಲ್ಲಿ ಮೋಟಾರು ಕಾರುಗಳ ಮೈಯನ್ನು ರೂಪಿಸಲು ಇವನ್ನು ಬಳಸಿದನು. ಕಾರಿಗೆ ಒದಗಿದ ಗಣಿತವೇ ಕನ್ನಡದ ದುಂಡು ಅಕ್ಷರಕ್ಕೂ ಒದಗಿದ್ದು ಸೋಜಿಗವೇ ಸರಿ.

ಸಮೀಕರಣಕ್ಕೆ ಅಳತೆಯ ಹಂಗಿಲ್ಲ; ಅಂಚೆಚೀಟಿಯಷ್ಟಾಗಲಿ, ಗೋಡೆಯಷ್ಟಾಗಲಿ, ಅಂಚು ನುಣುಪಾಗಿಯೇ ಇರುತ್ತದೆ. ಆದರೆ ತೆರೆಯು ಪಿಕ್ಸೆಲ್‌ಗಳೆಂಬ ಚೌಕಗಳ ಜಾಲ. ಗ್ರಾಫ್ ಕಾಗದದ ಮೇಲೆ ವೃತ್ತವನ್ನೆಳೆದು, ಅರ್ಧಕ್ಕಿಂತ ಹೆಚ್ಚು ಒಳಗೆ ಬಿದ್ದ ಚೌಕಗಳಿಗೆ ಮಾತ್ರ ಮಸಿ ತುಂಬಿದರೆ ಅಂಚು ಮೆಟ್ಟಿಲುಮೆಟ್ಟಿಲಾಗುವುದು. ಅಕ್ಷರದ ಗತಿಯೂ ಅದೇ.

12 ಪಾಯಿಂಟಿನ ಅಕ್ಷರದ ಎತ್ತರ ಅಂಗುಲದ ಆರನೆಯ ಒಂದು ಭಾಗ. ಅಂಗುಲಕ್ಕೆ 96 ಚೌಕಗಳಿರುವ ತೆರೆಯಲ್ಲಿ ಅದಕ್ಕೆ ದೊರೆಯುವುದು 16 ಚೌಕ. ‘ಧ’ದ ಗೀರಿನ ಅಗಲವು ಎತ್ತರದ ಇಪ್ಪತ್ತರಲ್ಲೊಂದು ಪಾಲೆಂದಿಟ್ಟುಕೊಂಡರೆ ಅದು 0.8 ಚೌಕವಾಯಿತು. ಗೀರು ಎರಡು ಚೌಕಗಳ ನಡುವಣ ಗೆರೆಯ ಮೇಲೆ ಬಿದ್ದರೆ ತಲಾ 0.4 ಪಾಲು ಹಂಚಿಕೆಯಾಗುತ್ತದೆ. ಎರಡೂ ಅರ್ಧಕ್ಕೆ ಕಡಿಮೆ. ಯಾವ ಚೌಕಕ್ಕೂ ಮಸಿಯಿಲ್ಲ, ಗೀರೇ ಮಾಯ!

ಇದಕ್ಕೆ ಪರಿಹಾರಗಳುಂಟು. ಚೌಕವು ಎಷ್ಟು ಮುಚ್ಚಿದೆಯೋ ಅಷ್ಟೇ ಬೂದುಬಣ್ಣವನ್ನು ಅದಕ್ಕೆ ಕೊಡುವುದು ಒಂದು. ಆಗ ಎರಡು ಚೌಕಗಳಲ್ಲಿ ತಿಳಿಯಾದ ನೆರಳು ಮೂಡಿ, ಕಣ್ಣು ಅದನ್ನೇ ಗೀರೆಂದು ಗ್ರಹಿಸುತ್ತದೆ. ಗೀರನ್ನೇ ಕೊಂಚ ಸರಿಸಿ ಒಂದು ಪೂರ್ಣ ಚೌಕದಲ್ಲಿ ಕೂರಿಸುವುದು ಇನ್ನೊಂದು. 1991ರಲ್ಲಿ ಬಂದ ಟ್ರೂಟೈಪ್ ಅಕ್ಷರಗಳೊಳಗೆ ಇದಕ್ಕೆ ಬೇಕಾದ ಸೂಚನೆಗಳನ್ನು ಹುದುಗಿಸಬಹುದು. ಮೂರನೆಯದು, ಚೌಕಗಳನ್ನೇ ಹೆಚ್ಚಿಸುವುದು. ಅಂಗುಲಕ್ಕೆ 300 ಆದರೆ ಅದೇ ಅಕ್ಷರಕ್ಕೆ 50 ಚೌಕ, ಗೀರಿಗೆ ಎರಡೂವರೆ. ಕರಿಯ ಚುಕ್ಕೆಯನ್ನಷ್ಟೇ ಅಚ್ಚೊತ್ತುವ ಯಂತ್ರಕ್ಕೆ ಬೂದುಬಣ್ಣದ ನೆರವಿಲ್ಲವಾದ್ದರಿಂದ ಈ ದಾರಿಯೇ ಮುಖ್ಯ.

ಆದುದರಿಂದ ಪರಿವರ್ತನೆಗೆ ಮೊದಲೇ ಲೆಕ್ಕ ಹಾಕಬೇಕು. 10 ಅಂಗುಲ ಅಗಲದ ಮುದ್ರಣಕ್ಕೆ ಅಂಗುಲಕ್ಕೆ 300ರಂತೆ 3000 ಚೌಕಗಳು ಬೇಕು. 750 ಚೌಕಗಳಲ್ಲಿ ಉಳಿಸಿ ಅನಂತರ ನಾಲ್ಮಡಿ ಹಿಗ್ಗಿಸಿದರೆ, ಒಂದೊಂದು ಚೌಕವೂ 16 ಚೌಕಗಳ ಜಾಗವನ್ನು ಆಕ್ರಮಿಸುತ್ತದೆಯೇ ಹೊರತು ಕಳೆದ ಗೀರು ಮರಳದು. ಕಡತದ ಬಗೆಯೂ ಗಮನಾರ್ಹ. ಜೆಪೆಗ್ ವಿಧಾನವು ಛಾಯಾಚಿತ್ರಗಳಿಗೆ ಹಿತವಾದರೂ ಅಕ್ಷರದ ಚೂಪಾದ ಅಂಚಿನ ಸುತ್ತ ಕೊಳೆಯಂತಹ ಕಲೆಗಳನ್ನು ಬಿಡುತ್ತದೆ; ಪಿಎನ್‌ಜಿ ವಿಧಾನವು ಪ್ರತಿ ಚೌಕವನ್ನೂ ಇದ್ದಂತೆಯೇ ಕಾಯುತ್ತದೆ. ಬಲ್ಲ ಕಲಾವಿದರು ಮೂಲ ವೆಕ್ಟರ್ ಕಡತವನ್ನು ಬೇರೆಯಾಗಿ ಜೋಪಾನಮಾಡಿರುತ್ತಾರೆ. ನಾಳೆ ಅದೇ ಬರಹವು ಅಂಗಡಿಯ ಫಲಕಕ್ಕೆ ಬೇಕಾದಾಗ, ಅದರಿಂದಲೇ ಹೊಸ ಅಳತೆಗೆ ಹೊಸದಾಗಿ ಚೌಕಗಳನ್ನು ತುಂಬಿಸಿಕೊಳ್ಳುತ್ತಾರೆ.