ಸೊಂಟದ ನರ ಹಿಡಿದಾಗ ಕಾಲಿನ ಮಾತು ಕೇಳು

ಮಗಳೇ, ನಿನ್ನ ಎಂಆರ್‌ಐ ವರದಿ ನೋಡಿದೆ. ಎಲ್5-ಎಸ್1 ನಡುವಿನ ಡಿಸ್ಕ್ ಉಬ್ಬಿ ಎಡಗಾಲಿಗೆ ಹೋಗುವ ನರದ ಬೇರನ್ನು ಒತ್ತುತ್ತಿದೆ ಅಂತ ಬರೆದಿದ್ದಾರೆ. ಆಪರೇಷನ್ ಬೇಡ, ವ್ಯಾಯಾಮ ಶುರು ಮಾಡಿ ಅಂತ ಡಾಕ್ಟರು ಹೇಳಿದರಂತೆ. ಯಾವುದು, ಎಷ್ಟು, ಯಾವಾಗ ನಿಲ್ಲಿಸಬೇಕು ಅಂತ ನೀನು ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪಿ.ಟಿ. ಟೀಚರಾಗಿ ಮಕ್ಕಳ ಬೆನ್ನು, ಮಂಡಿ ನೋಡಿಕೊಂಡೇ ರಿಟೈರ್ ಆದವಳು ನಾನು. ಇದೇ ನೋವಿನ ಜೊತೆ ಬಹಳ ವರ್ಷ ಬಾಳಿದ್ದೇನೆ ಕೂಡ. ನಿನ್ನ ಫಿಸಿಯೋ ಬೇರೆ ಹೇಳಿದರೆ ಅವರ ಮಾತೇ ಮೇಲು. ನಿನ್ನನ್ನು ಮುಟ್ಟಿ ಪರೀಕ್ಷೆ ಮಾಡಿದವರು ಅವರು.

• ಹೆದರಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ. ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಾಗದೆ ಹೋದರೆ, ಮಲದ ಹಿಡಿತ ತಪ್ಪಿದರೆ, ಸೈಕಲ್ ಸೀಟು ತಾಗುವ ಜಾಗ ಮರಗಟ್ಟಿದರೆ, ಎರಡೂ ಕಾಲಿಗೆ ನೋವು ಇಳಿದರೆ, ಪಾದ ಎತ್ತಲಾಗದೆ ಚಪ್ಪಲಿ ನೆಲಕ್ಕೆ ಎಳೆದಾಡಿದರೆ ವ್ಯಾಯಾಮದ ಮಾತೇ ಇಲ್ಲ. ಆ ಗಳಿಗೆಯಲ್ಲೇ ದೊಡ್ಡಾಸ್ಪತ್ರೆಗೆ ಹೋಗು. ರಾತ್ರಿಯಾಗಿದ್ದರೂ ಸರಿ, ಬೆಳಗಾಗಲಿ ಅಂತ ಕಾಯಬೇಡ. ಸೊಂಟದ ಕೆಳಗಿನ ನರಗಳ ಗೊಂಚಲೇ ಒತ್ತಿಕೊಂಡಾಗ ಹೀಗಾಗುತ್ತದೆ. ತಡವಾದಷ್ಟೂ ಕಳೆದುಕೊಂಡದ್ದು ಮರಳಿ ಬರುವುದು ಕಷ್ಟ.

• ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಒಂದು ವ್ಯಾಯಾಮ ನಿನಗೆ ಒಗ್ಗುತ್ತದೋ ಇಲ್ಲವೋ ಎಂಬುದನ್ನು ಸೊಂಟ ನೋಡಿ ಅಲ್ಲ, ಕಾಲು ನೋಡಿ ತೀರ್ಮಾನ ಮಾಡು. ಮೀನಖಂಡದಲ್ಲಿದ್ದ ನೋವು ತೊಡೆಗೆ, ತೊಡೆಯಿಂದ ಪಿರ್ರೆಗೆ, ಅಲ್ಲಿಂದ ಸೊಂಟಕ್ಕೆ ಮೇಲೇರಿದರೆ ಒಳ್ಳೆಯ ಲಕ್ಷಣ. ಸೊಂಟದ ನೋವು ಸ್ವಲ್ಪ ಹೆಚ್ಚಾದಂತೆ ಕಂಡರೂ ಗಾಬರಿ ಬೇಡ. ಅದೇ ಪಿರ್ರೆಯಲ್ಲಿದ್ದ ನೋವು ಮೀನಖಂಡಕ್ಕೆ ಇಳಿದರೆ, ಕಿರುಬೆರಳ ಕಡೆ ಜೋಮು ಹೆಚ್ಚಾದರೆ, ಎಷ್ಟೇ ಹೆಸರುವಾಸಿ ವ್ಯಾಯಾಮವಾದರೂ ಅಲ್ಲಿಗೇ ಬಿಡು.

• ಇದನ್ನು ಲೋಕಕ್ಕೆ ತಿಳಿಸಿಕೊಟ್ಟವರು ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ. 1956ರಲ್ಲಿ ವೆಲಿಂಗ್ಟನ್‌ನ ಅವರ ಕ್ಲಿನಿಕ್ಕಿಗೆ ಕಾಲುನೋವಿನ ರೋಗಿಯೊಬ್ಬ ಬಂದ. ಒಳಗೆ ಹೋಗಿ ಬೋರಲು ಮಲಗಿರು ಎಂದು ಹೇಳಿ ಇವರು ಬೇರೆ ಕೆಲಸ ನೋಡುತ್ತಿದ್ದರು. ಮಂಚದ ತಲೆ ಕಡೆ ಮೇಲೆತ್ತಿತ್ತು. ಆತ ಹಾಗೇ ಬೆನ್ನು ಹಿಂದಕ್ಕೆ ಬಾಗಿದಂತೆ ಮಲಗಿಬಿಟ್ಟಿದ್ದ. ಇವರು ಬಂದು ನೋಡುವಷ್ಟರಲ್ಲಿ ವಾರಗಟ್ಟಲೆ ಕಾಡಿದ್ದ ಕಾಲುನೋವು ಮಾಯವಾಗಿತ್ತು! ನೀನೂ ಬೋರಲು ಮಲಗುವುದರಿಂದ ಶುರು ಮಾಡು. ಎರಡು ನಿಮಿಷ ಸುಮ್ಮನೆ ಮಲಗು. ಕಾಲು ಒಪ್ಪಿದರೆ ಮೊಣಕೈ ಊರಿ ಎದೆ ಎತ್ತು. ಅದೂ ಒಪ್ಪಿದರೆ ಕೆಲವು ದಿನ ಬಿಟ್ಟು ಅಂಗೈ ಊರಿ ಮೇಲೇಳು. ಸೊಂಟ, ಪಿರ್ರೆ ಸಡಿಲವಾಗಿರಲಿ.

• ನಿನ್ನ ಅತ್ತೆಗೂ ಇದನ್ನೇ ಮಾಡಿಸಲು ಹೋಗಬೇಡ. ಅವರಿಗೆ ಸ್ವಲ್ಪ ದೂರ ನಡೆದರೆ ಕಾಲು ಭಾರವಾಗುತ್ತದೆ, ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಹಗುರಾಗುತ್ತದೆ ಅಂದಿದ್ದೆಯಲ್ಲ? ವಯಸ್ಸಾದವರಲ್ಲಿ ನರದ ದಾರಿಯೇ ಕಿರಿದಾದಾಗ ಹೀಗಿರುತ್ತದೆ. ಹಿಂದಕ್ಕೆ ಬಾಗಿದರೆ ದಾರಿ ಇನ್ನಷ್ಟು ಬಿಗಿಯಾಗುತ್ತದೆ. ಮನೆಯೊಳಗಿನ ಸೈಕಲ್ ತುಳಿಯುವುದು, ಮಲಗಿ ಮಂಡಿಯನ್ನು ಎದೆಗೆ ತರುವುದು ಅವರಿಗೆ ಹಿತ. ನಿನಗೆ ಸದ್ಯಕ್ಕೆ ಎರಡನೆಯದು ಬೇಡ.

• ಬೆಳಿಗ್ಗೆ ಎದ್ದ ತಕ್ಷಣ ಬಗ್ಗಬೇಡ. ರಾತ್ರಿಯೆಲ್ಲ ಮಲಗಿದಾಗ ಡಿಸ್ಕ್ ನೀರು ಹೀರಿ ಬಿಗಿಯಾಗಿರುತ್ತದೆ. ಬೆಳಗಿನ ಹೊತ್ತು ನಾವೆಲ್ಲ ಒಂದಿಷ್ಟು ಎತ್ತರ ಇರುವುದೂ ಇದರಿಂದಲೇ. ಆಗ ಬಗ್ಗಿದರೆ ಒತ್ತಡ ವಿಪರೀತ. ಬೆಳಗಿನ ಹೊತ್ತು ಬಗ್ಗುವುದನ್ನು ತಪ್ಪಿಸಿದವರಿಗೆ ಬೆನ್ನುನೋವು ಕಡಿಮೆಯಾದದ್ದನ್ನು ಅಮೆರಿಕದ ಸಂಶೋಧಕರು 1998ರಲ್ಲೇ ತೋರಿಸಿದ್ದಾರೆ. ಅಂಗಳ ಗುಡಿಸಿ ರಂಗೋಲಿ ಇಡುವುದನ್ನು ಸದ್ಯಕ್ಕೆ ಅಳಿಯಂದಿರಿಗೆ ಒಪ್ಪಿಸು. ಎದ್ದು ಒಂದು ಗಂಟೆಯಾದರೂ ಓಡಾಡಿಕೊಂಡಿದ್ದು ಆಮೇಲೆ ವ್ಯಾಯಾಮ ಮಾಡು.

• ನಡಿಗೆಗಿಂತ ಮಿಗಿಲಾದದ್ದು ಇಲ್ಲ. ಒಂದೇ ಸಲ ಒಂದು ಗಂಟೆ ಬೇಡ. ಹತ್ತು ನಿಮಿಷದಂತೆ ದಿನಕ್ಕೆ ಮೂರು ಸಲ ಸಾಕು. ಸಮತಟ್ಟು ಜಾಗ ನೋಡಿಕೋ, ಕೈ ಬೀಸಿ ನಡೆ. ಹ್ಯಾಂಡ್‌ಬ್ಯಾಗು ಒಂದೇ ಹೆಗಲಿಗೆ ಬೇಡ.

• ಬೆನ್ನಿಗೆ ಬಲ ತುಂಬಲು ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಗಿಲ್ ಮೂರು ವ್ಯಾಯಾಮ ಆರಿಸಿಕೊಟ್ಟಿದ್ದಾರೆ. ಅವುಗಳಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು. ಅಂಗೈ, ಮಂಡಿ ಊರಿ ನಿಲ್ಲು. ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ನಿಧಾನವಾಗಿ ಚಾಚು. ಸೊಂಟದ ಮೇಲೆ ನೀರಿನ ಲೋಟ ಇಟ್ಟರೆ ಚೆಲ್ಲಬಾರದು, ಅಷ್ಟು ಸ್ಥಿರವಾಗಿರಲಿ. ಎಂಟರಿಂದ ಹತ್ತು ಸೆಕೆಂಡು ಹಿಡಿದು ಇಳಿಸು, ಆಮೇಲೆ ಇನ್ನೊಂದು ಜೋಡಿ. ಹೆಚ್ಚು ಹೊತ್ತು ಹಿಡಿಯುವುದಕ್ಕಿಂತ ಹೆಚ್ಚು ಸಲ ಮಾಡುವುದು ಮೇಲು. ಕಾಲು ಚಾಚಿದಾಗ ನೋವು ಕೆಳಗಿಳಿದರೆ ಕೈ ಮಾತ್ರ ಚಾಚು. ಉಳಿದೆರಡನ್ನು ಫಿಸಿಯೋ ಎದುರಿಗೇ ಕಲಿ. ಓದಿ ಮಾಡಿದರೆ ಕತ್ತು ಹಿಡಿಯುತ್ತದೆ.

• ತೊಡೆಯ ಹಿಂಭಾಗ ಬಿಗಿದಿದೆ ಅಂತ ಕಾಲು ನೀಡಿ ಹೆಬ್ಬೆರಳು ಹಿಡಿದು ಎಳೆಯುತ್ತೀಯಂತೆ. ದಯವಿಟ್ಟು ಬಿಡು. ಅಲ್ಲಿ ಬಿಗಿದಿರುವುದು ಸ್ನಾಯುವಲ್ಲ, ಕೆರಳಿದ ನರ. ಕಾಲುನರ ದೇಹದಲ್ಲೇ ದಪ್ಪ ನರ, ಸೊಂಟದಿಂದ ಕಾಲಿನವರೆಗೂ ಇಳಿಯುತ್ತದೆ. ಕಾಲು ನೀಡಿ ಬಗ್ಗಿದಾಗ ಅದನ್ನೇ ಜಗ್ಗಿದಂತಾಗುತ್ತದೆ. ಜಗ್ಗಿದ ಗಳಿಗೆಯಲ್ಲಿ ಹಾಯೆನಿಸಿದರೂ ಸಂಜೆ ಹೊತ್ತಿಗೆ ಉರಿ ಏಳುತ್ತದೆ. ಈ ನೋವಿನವರು ಅತಿ ಹೆಚ್ಚು ಪೆಟ್ಟು ತಿನ್ನುವುದು ಈ ಒಂದು ಅಭ್ಯಾಸದಿಂದ ಅಂತ ನನ್ನ ಅನುಭವ.

• ಯೋಗ ಬಿಡಬೇಕಾಗಿಲ್ಲ, ಆಯ್ದುಕೋ. ಪಶ್ಚಿಮೋತ್ತಾನಾಸನ, ಪಾದಹಸ್ತಾಸನ, ಹಲಾಸನ ಬೇಡ. ಸೂರ್ಯನಮಸ್ಕಾರದಲ್ಲೂ ಪೂರ್ತಿ ಬಗ್ಗುವ ಭಂಗಿ ಬರುತ್ತದೆ, ಅದೂ ಸದ್ಯಕ್ಕೆ ಬೇಡ. ಮಕರಾಸನ, ಅರ್ಧ ಭುಜಂಗಾಸನ, ಸೇತುಬಂಧ ಆಗಬಹುದು. ಶವಾಸನದಲ್ಲಿ ಮಂಡಿ ಕೆಳಗೆ ದಿಂಬು ಇಟ್ಟುಕೋ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಕುರ್ಚಿ, ಹಗ್ಗ, ದಿಂಬು ಬಳಸಿ ನೋವಿದ್ದವರಿಗೂ ಆಸನ ಹೊಂದಿಸುವ ದಾರಿ ಮಾಡಿಕೊಟ್ಟರು. ಆ ಕ್ರಮ ಬಲ್ಲವರ ಹತ್ತಿರ ಹೋಗು. ಹೋದ ಮೊದಲ ದಿನವೇ ವರದಿ ತೋರಿಸು. ಬೆನ್ನ ಮೇಲೆ ಕೈಯಿಟ್ಟು ಒತ್ತುವ ಗುರುಗಳಿದ್ದರೆ ಬೇಡ ಎನ್ನಲು ಸಂಕೋಚ ಪಡಬೇಡ.

• ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಉಳುಕು ಹೋಗುತ್ತದೆ ಅಂತ ಊರಲ್ಲಿ ಹೇಳುತ್ತಾರೆ. ನಿನ್ನದು ಉಳುಕಲ್ಲ. ಒದೆಸುವುದು, ತುಳಿಸುವುದು, ಲಟಕ್ಕೆನಿಸುವುದು ಯಾವುದೂ ಬೇಡ. ಯಾರೇ ಹಿರಿಯರು ಬಲವಂತ ಮಾಡಿದರೂ ನನ್ನ ಹೆಸರು ಹೇಳಿ ತಪ್ಪಿಸಿಕೋ.

• ಕೆಮ್ಮು, ಸೀನು ಬಂದಾಗ ಗೋಡೆಗೆ ಕೈಯೂರಿ ನೆಟ್ಟಗೆ ನಿಲ್ಲು. ಮಲಬದ್ಧತೆ ಆಗದಂತೆ ನೋಡಿಕೋ, ಮುಕ್ಕಿದರೂ ನರಕ್ಕೆ ಒತ್ತಡ.

• ಗ್ಯಾಸ್ ಸಿಲಿಂಡರ್ ಮುಟ್ಟಬೇಡ. ಒಳಗಿನ ಗ್ಯಾಸೇ 14.2 ಕಿಲೋ, ಡಬ್ಬಿಯೂ ಸೇರಿ ಮೂವತ್ತು ಕಿಲೋ ಹತ್ತಿರ. ತಂದುಕೊಡುವ ಹುಡುಗನ ಕೈಲೇ ಅಡುಗೆಮನೆಯೊಳಗೆ ಇಡಿಸಿಕೋ. ನೀರಿನ ಕ್ಯಾನು ಇಪ್ಪತ್ತು ಕಿಲೋ, ಅದೂ ಅಷ್ಟೇ. ಮಗುವನ್ನು ಎತ್ತಿಕೊಳ್ಳಲೇಬೇಕಾದರೆ ಮೊದಲು ಮಂಚದ ಮೇಲೆ ಹತ್ತಿಸಿಕೊಂಡು, ಎದೆಗೆ ಅವಚಿಕೊಂಡು ಏಳು. ಎತ್ತಿಕೊಂಡೇ ಸೊಂಟ ತಿರುಗಿಸಬೇಡ, ಪಾದ ತಿರುಗಿಸು.

• ನೋವಿನ ಮಾತ್ರೆ ನುಂಗಿದ ದಿನ ವ್ಯಾಯಾಮ ಹೆಚ್ಚಿಸಬೇಡ. ಕಾಲು ಏನು ಹೇಳುತ್ತಿದೆ ಅಂತ ಆಗ ಸರಿಯಾಗಿ ಕೇಳಿಸುವುದಿಲ್ಲ.

• ಹಾಗಂತ ಹಾಸಿಗೆ ಹಿಡಿಯಬೇಡ. ತೀರಾ ತಡೆಯದಿದ್ದರೆ ಒಂದೆರಡು ದಿನ ಮಲಗು, ಅದಕ್ಕಿಂತ ಹೆಚ್ಚು ಮಲಗಿದರೆ ಬೆನ್ನೇ ಸೋಲುತ್ತದೆ. ವರದಿಯಲ್ಲಿನ ಶಬ್ದಗಳನ್ನು ಓದಿ ಓದಿ ನಿದ್ದೆಗೆಡಬೇಡ. ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದು ನೋಡಿದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಡಿಸ್ಕ್ ಉಬ್ಬಿತ್ತು. ಹೊರಚಾಚಿದ ಡಿಸ್ಕ್ ತಿಂಗಳುಗಳಲ್ಲಿ ತಾನೇ ಕುಗ್ಗುವುದೂ ಉಂಟು. ಬಹಳ ಜನರಿಗೆ ಆರರಿಂದ ಹನ್ನೆರಡು ವಾರದೊಳಗೆ ನೋವು ತಗ್ಗುತ್ತದೆ. ಜೋಮು ಮಾತ್ರ ಕೊನೆಗೆ ಹೋಗುವುದು, ಅದಕ್ಕೆ ತಾಳ್ಮೆ ಬೇಕು.

• ವಾರಕ್ಕೊಮ್ಮೆ ಗೋಡೆ ಹಿಡಿದು ಒಂಟಿಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ನೋಡು. ಬಲಗಾಲಲ್ಲಿ ಎಷ್ಟು ಸಲ ಆಗುತ್ತದೆ, ಎಡಗಾಲಲ್ಲಿ ಎಷ್ಟು ಸಲ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕು. ನಿನ್ನ ಒತ್ತಿದ ನರ ಆ ಸ್ನಾಯುವಿಗೇ ಹೋಗುವುದು. ಎಡಗಾಲಿನ ಲೆಕ್ಕ ಏರುತ್ತಿದ್ದರೆ ಹಿಡಿದ ದಾರಿ ಸರಿ. ನೋವು ಕಡಿಮೆಯಾಗಿಯೂ ಲೆಕ್ಕ ಇಳಿಯುತ್ತಿದ್ದರೆ ಅದನ್ನು ಗುಣ ಅಂದುಕೊಳ್ಳಬೇಡ, ಆ ಕ್ಯಾಲೆಂಡರನ್ನೇ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗು.