ಯಂತ್ರನಿದಾನ: ಬಿಚ್ಚಿ ಜೋಡಿಸಿದ ಎಂಜಿನ್ನು ಚಾಲನೆಗೊಳ್ಳದಿರುವ ಬಗೆಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ತೆಂಗಿನ ತೋಟಗಳಲ್ಲಿ ಕಪಿಲೆಯ ಎತ್ತುಗಳು ನಿವೃತ್ತವಾದ ಮೇಲೂ ವಿದ್ಯುತ್ತಿನ ತಂತಿ ಇನ್ನೂ ಬಾರದಿದ್ದ ಕಾಲದಲ್ಲಿ, ಬಾವಿಯ ನೀರನ್ನು ಮೇಲಕ್ಕೆತ್ತಿದ ಯಂತ್ರವೆಂದರೆ ಡೀಸೆಲ್ ಎಂಜಿನ್ನು. ಈ ಸಂಚಿಕೆಯ ವಾಚಕರಲ್ಲಿ ಅನೇಕರು ಬಾಲ್ಯದಲ್ಲಿ ಅದರ ಡುಗುಡುಗು ಧ್ವನಿಯನ್ನು ಕೇಳುತ್ತಲೇ ಹಾಸಿಗೆಯಿಂದ ಎದ್ದವರು. ಕೊಳವೆಬಾವಿಯೂ ವಿದ್ಯುತ್ ಮೋಟಾರೂ ಬಂದ ತರುವಾಯ ಅದರ ಪ್ರಾಧಾನ್ಯ ಕುಗ್ಗಿದೆಯಾದರೂ, ಕೆರೆಕಟ್ಟೆಗಳ ಅಂಚಿನಲ್ಲಿ, ಜನರೇಟರಿನಲ್ಲಿ, ಟಿಲ್ಲರಿನಲ್ಲಿ ಅದೇ ಎಂಜಿನ್ನು ಇಂದಿಗೂ ದುಡಿಯುತ್ತಿದೆ.

ಬೇಸಗೆಗೆ ಮುಂಚೆ ಹಳೆಯ ಎಂಜಿನ್ನನ್ನು ಇಳಿಸಿ, ಸಿಲಿಂಡರನ್ನು ಬೋರ್ ಮಾಡಿಸಿ, ಹೊಸ ಪಿಸ್ಟನ್ನು, ಹೊಸ ರಿಂಗು, ಹೊಸ ಗ್ಯಾಸ್ಕೆಟ್ಟು ಹಾಕಿಸಿ, ಮತ್ತೆ ಬಾವಿಯ ದಡಕ್ಕೆ ತಂದು ಕೂರಿಸಿದಾಗ ಅದು ಚಾಲನೆಗೊಳ್ಳದೆ ಹೋಗುವುದು ತೋಟಗಾರರಿಗೆ ಅಪರಿಚಿತ ಸಂಗತಿಯಲ್ಲ. ಇದರ ಪರಿಣಾಮ ಆ ದಿನದ ಬೇಸರದೊಂದಿಗೆ ಮುಗಿಯತಕ್ಕದ್ದಲ್ಲ. ತೆಂಗಿನ ಹೊಂಬಾಳೆ ಬಿರಿದ ಮೇಲೆ ಕಾಯಿ ಬಲಿಯಲು ಸುಮಾರು 12 ತಿಂಗಳು ಬೇಕು. ಬಲಿತ ಕಾಯಿ ಅಟ್ಟದ ಮೇಲೆ ಒಣಗಿ ಉಂಡೆ ಕೊಬ್ಬರಿಯಾಗಲು ಮತ್ತೆ 8ರಿಂದ 12 ತಿಂಗಳು ಬೇಕು. ಆದಕಾರಣ ಈ ವರ್ಷದ ಚೈತ್ರ ವೈಶಾಖಗಳಲ್ಲಿ ನೀರು ತಪ್ಪಿ ಹರಳು ಉದುರಿದರೆ, ಅದರ ನಷ್ಟವು ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಲೆಕ್ಕಕ್ಕೆ ಬರುವುದು ಸುಮಾರು ಎರಡು ವರ್ಷಗಳ ನಂತರ. ಅಷ್ಟರಲ್ಲಿ ಎಂಜಿನ್ನು ಕೈಕೊಟ್ಟ ಆ ಎಂಟು ಹತ್ತು ದಿನಗಳನ್ನು ಮನೆಯವರು ಮರೆತಿರುತ್ತಾರೆ.

ವೈದ್ಯಶಾಸ್ತ್ರದಲ್ಲಿ ರೋಗದ ಮೂಲವನ್ನು ಅರಸುವುದಕ್ಕೆ 'ನಿದಾನ'ವೆಂದು ಹೆಸರು. ಅಲ್ಪಪ್ರಾಣದ ಈ ನಿದಾನ ಬೇರೆ, ಸಾವಕಾಶವೆಂಬ ಅರ್ಥದಲ್ಲಿ ಕನ್ನಡಿಗರು ಬಳಸುವ ಮಹಾಪ್ರಾಣದ 'ನಿಧಾನ' ಬೇರೆ. ವಿದ್ಯಾರ್ಥಿಗಳು ಉತ್ತರಪತ್ರಿಕೆಗಳಲ್ಲಿ ಇವೆರಡನ್ನೂ ಕಲಸುವುದುಂಟು. ಎಂಜಿನ್ನಿನ ಮುಂದೆ ಕುಳಿತವನಿಗೆ ಮಾತ್ರ ಎರಡೂ ಬೇಕು. ಹತ್ತು ವರ್ಷ ದುಡಿದು ಕ್ರಮೇಣ ಸೋತ ಎಂಜಿನ್ನಿನ ದೋಷಕ್ಕೆ ಸವೆತ ಕಾರಣ. ನಿನ್ನೆ ಜೋಡಿಸಿದ ಎಂಜಿನ್ನಿನಲ್ಲಿ ದೋಷ ಇರುವುದು ಸಾಮಾನ್ಯವಾಗಿ ಜೋಡಿಸಿದ ಕೈಯಲ್ಲಿ. ಯಾವುದನ್ನು ಬಿಚ್ಚಲಾಯಿತೋ, ಯಾವುದನ್ನು ಹೊಸದಾಗಿ ಹಾಕಲಾಯಿತೋ ಅಲ್ಲಿಂದಲೇ ಶೋಧನೆ ಆರಂಭವಾಗಬೇಕು. 'ಅದು ಹೊಸದು, ಅದರಲ್ಲಿ ತಪ್ಪಿರಲಾರದು' ಎಂಬ ಮಾತೇ ಅನೇಕರನ್ನು ದಾರಿ ತಪ್ಪಿಸಿದೆ.

ಈ ಯಂತ್ರದ ಜನಕನಾದ ರುಡಾಲ್ಫ್ ಡೀಸೆಲ್ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ 1897ರಲ್ಲಿ ತನ್ನ ಎಂಜಿನ್ನನ್ನು ಸಮರ್ಥವಾಗಿ ನಡೆಸಿ ತೋರಿಸಿದನು. ಆಗ ಇಂಧನವನ್ನು ಒಳಗೆ ಊದಲು ಒತ್ತಿದ ಗಾಳಿ ಬೇಕಾಗುತ್ತಿತ್ತು. ಇಂಧನವನ್ನೇ ನೇರವಾಗಿ ಒತ್ತಿ ಚಿಮ್ಮಿಸುವ ಪಂಪನ್ನು ಬಾಷ್ ಸಂಸ್ಥೆ 1927ರಲ್ಲಿ ಸರಣಿಯಾಗಿ ತಯಾರಿಸತೊಡಗಿದ ಮೇಲೆ ಸಣ್ಣ ಎಂಜಿನ್ನುಗಳಿಗೂ ಆ ಸೌಕರ್ಯ ದೊರೆಯಿತು. ಅದೇ ಸಂಸ್ಥೆಯ ಸಹಯೋಗದಲ್ಲಿ 1951ರಲ್ಲಿ ಸ್ಥಾಪಿತವಾದ ಬೆಂಗಳೂರಿನ 'ಮೈಕೋ' ಕಾರ್ಖಾನೆಯ ಹೆಸರು ನಮ್ಮ ಪಂಪುಗಳ ಮೈಮೇಲೆ ದಶಕಗಳ ಕಾಲ ಅಚ್ಚಾಗಿತ್ತು. ಎಂಜಿನ್ನುಗಳ ಪೈಕಿ ಮನೆಮಾತಾದ ಹೆಸರು ಕಿರ್ಲೋಸ್ಕರ್. ಆ ಮನೆತನದ ಉದ್ಯಮಕ್ಕೆ ಅಡಿಗಲ್ಲು ಹಾಕಿದ ಲಕ್ಷ್ಮಣರಾಯರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದವರು. ಡೀಸೆಲ್ ಎಂಜಿನ್ನಿನ ಕಂಪನಿ ಪುಣೆಯಲ್ಲಿ ಸ್ಥಾಪನೆಯಾದದ್ದು 1946ರಲ್ಲಿ. ತೆಂಗಿನ ಸೀಮೆಯವರಿಗೆ ಇನ್ನೊಂದು ಸಂಗತಿ ಸ್ವಾರಸ್ಯಕರವಾದೀತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥದೊಂದು ಎಂಜಿನ್ನು ಕಡಲೆಕಾಯಿ ಎಣ್ಣೆಯಿಂದ ನಡೆಯಿತು. ಪೆಸಿಫಿಕ್ ದ್ವೀಪಗಳಲ್ಲಿ ಕೊಬ್ಬರಿ ಎಣ್ಣೆಯಿಂದಲೂ ನಡೆಸಿದ್ದಾರೆ. ಆದರೆ ಕೊಬ್ಬರಿ ಎಣ್ಣೆ 24-25 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆಂಬುದು ಇಲ್ಲಿಯ ಪ್ರತಿಯೊಬ್ಬ ಗೃಹಿಣಿಗೂ ತಿಳಿದ ವಿಷಯ. ಮಾರ್ಗಶಿರದ ಬೆಳಗಿನಲ್ಲಿ ಅಂಥ ಎಂಜಿನ್ನನ್ನು ಎಬ್ಬಿಸಹೊರಟವನ ಪಾಡನ್ನು ಊಹಿಸಬಹುದು.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಕೊಡುವ ಪ್ಲಗ್ ಇಲ್ಲ. ಒಳಸೇದಿದ ಗಾಳಿಯನ್ನು ಪಿಸ್ಟನ್ನು ಹದಿನಾರು ಹದಿನೇಳನೆಯ ಒಂದು ಭಾಗಕ್ಕೆ ಅದುಮಿದಾಗ ಆ ಗಾಳಿ ಕಾದು 500 ಡಿಗ್ರಿ ಸೆಲ್ಸಿಯಸ್ಸಿನ ಸಮೀಪಕ್ಕೆ ಹೋಗುತ್ತದೆ. ಆ ಕ್ಷಣದಲ್ಲಿ ನಾಜಲ್ಲಿನಿಂದ ಮಂಜಿನಂತೆ ಚಿಮ್ಮಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಸಾಕಷ್ಟು ಶಾಖ, ಸರಿಯಾದ ಇಂಧನ, ತಕ್ಕ ಕಾಲ ಈ ಮೂರೂ ಕೂಡಿದರೆ ಎಂಜಿನ್ನು ಚಾಲನೆಗೊಳ್ಳಲೇಬೇಕು. ಮೂರರಲ್ಲಿ ಒಂದು ತಪ್ಪಿದರೂ ಕೊಳ್ಳದು. ತಪ್ಪಿದ್ದು ಯಾವುದೆಂಬುದನ್ನು ಹೊಗೆಯ ಕೊಳವೆಯೇ ಬಹುಮಟ್ಟಿಗೆ ಹೇಳುತ್ತದೆ. ಹ್ಯಾಂಡಲ್ ಎಷ್ಟು ತಿರುಗಿಸಿದರೂ ಹೊಗೆಯ ಸುಳಿವೇ ಇಲ್ಲವಾದರೆ ಇಂಧನ ಒಳಗೆ ಹೋಗುತ್ತಿಲ್ಲವೆಂದು ತಿಳಿಯಬೇಕು. ಬೆಳ್ಳನೆಯ ಹೊಗೆ, ಡೀಸೆಲ್ಲಿನ ಕಮಟು ವಾಸನೆ ಬಂದರೆ ಇಂಧನ ಹೋಗಿದೆ, ಆದರೆ ಉರಿದಿಲ್ಲ. ಶಾಖದಲ್ಲಿಯೋ ಕಾಲದಲ್ಲಿಯೋ ಕೊರತೆಯಿದೆ. ಕಪ್ಪು ಹೊಗೆ ಬಿಟ್ಟು ಒಂದೆರಡು ಸಲ ಕೆಮ್ಮಿ ನಿಂತರೆ ಗಾಳಿಯ ದಾರಿ ಕಟ್ಟಿರಬಹುದು. ಫಿಲ್ಟರಿನ ಬಾಯಿಗೆ ಧೂಳು ಹೋಗದಂತೆ ತುರುಕಿದ್ದ ಬಟ್ಟೆಯನ್ನು ತೆಗೆಯಲು ಮರೆಯುವುದೂ ಉಂಟು.

ಹೊಗೆಯೇ ಇಲ್ಲದಾಗ ಮೊದಲು ಸಂಶಯಿಸಬೇಕಾದದ್ದು ಇಂಧನದ ನಾಳದಲ್ಲಿ ಸೇರಿಕೊಂಡ ಗಾಳಿಯನ್ನು. 'ಗಾಳಿ ಹಿಡಿದಿದೆ' ಎಂಬ ಹಳ್ಳಿಯ ಮಾತು ಮನುಷ್ಯನ ವಿಷಯದಲ್ಲಿ ಹೇಗಾದರೂ ಇರಲಿ, ಎಂಜಿನ್ನಿನ ವಿಷಯದಲ್ಲಿ ಅಕ್ಷರಶಃ ಸತ್ಯ. ಐದು ಅಶ್ವಶಕ್ತಿಯ, ನಿಮಿಷಕ್ಕೆ 1,500 ಸುತ್ತು ತಿರುಗುವ ಎಂಜಿನ್ನು ಪೂರ್ಣ ಭಾರದಲ್ಲಿ ಗಂಟೆಗೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಡೀಸೆಲ್ ಕುಡಿಯುತ್ತದೆಂದು ಹಿಡಿದರೆ, ಗಂಟೆಗೆ 45,000 ಸಲ ಚಿಮ್ಮುವ ಈ ಇಂಧನದ ಒಂದೊಂದು ಪಾಲು ಸುಮಾರು 25 ಘನ ಮಿಲಿಮೀಟರು, ಅಂದರೆ ಅರ್ಧ ಹನಿ. ಇಷ್ಟು ಅಲ್ಪವನ್ನು ಪಂಪು ತಳ್ಳುವಾಗ ನಾಳದಲ್ಲಿ ಗಾಳಿಯ ಗುಳ್ಳೆಯಿದ್ದರೆ ಆ ಗುಳ್ಳೆಯೇ ಕುಗ್ಗಿ ಹಿಗ್ಗಿ ಒತ್ತಡವನ್ನೆಲ್ಲ ನುಂಗುತ್ತದೆ. ನಾಜಲ್ಲಿನ ಸೂಜಿ ಮೇಲೇಳುವುದೇ ಇಲ್ಲ. ಗಾಳಿ ತೆಗೆಯುವಾಗ ಟ್ಯಾಂಕಿನಿಂದ ಹೊರಟು ಕ್ರಮವಾಗಿ ಮುಂದುವರಿಯಬೇಕು. ಮೊದಲು ಫಿಲ್ಟರಿನ ಮೇಲಣ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬರುವವರೆಗೆ ಕಾದು ಬಿಗಿಯಬೇಕು. ಅನಂತರ ಪಂಪಿನ ಸ್ಕ್ರೂ. ಕಡೆಗೆ ನಾಜಲ್ಲಿಗೆ ಸೇರುವ ಗಟ್ಟಿ ಕೊಳವೆಯ ನಟ್ಟು. ನಡುವಿನ ಒಂದನ್ನು ಬಿಟ್ಟು ಮುಂದಿನದಕ್ಕೆ ಹಾರಿದರೆ ಹಿಂದಿನ ಗಾಳಿ ಮತ್ತೆ ಮುಂದಕ್ಕೆ ಬರುತ್ತದೆ. ಎಲ್ಲ ಬಿಗಿದ ಮೇಲೆ ಡಿಕಂಪ್ರೆಷನ್ ಲಿವರ್ ಎತ್ತಿ ಹ್ಯಾಂಡಲ್ ತಿರುಗಿಸಿದರೆ ನಾಜಲ್ಲಿನಿಂದ 'ಕರ್ ಕರ್' ಎಂಬ ಸದ್ದು ಕೇಳಬೇಕು. ಕಾಯನ್ನು ಕಿವಿಯ ಬಳಿ ಅಲುಗಾಡಿಸಿ ಗಿಟುಕಾಗಿದೆಯೇ ಎಂದು ಹೇಳಬಲ್ಲ ಈ ಸೀಮೆಯ ಕಿವಿಗಳಿಗೆ ಆ ಸದ್ದನ್ನು ಗುರುತಿಸುವುದು ಕಷ್ಟವಲ್ಲ.

ಸದ್ದು ಕೇಳದಿದ್ದರೆ ನಾಜಲ್ಲನ್ನು ಪರೀಕ್ಷಾಯಂತ್ರವಿರುವ ಅಂಗಡಿಗೆ ಒಯ್ಯುವುದೇ ಲೇಸು. ಈ ಬಗೆಯ ಎಂಜಿನ್ನುಗಳಲ್ಲಿ ಸೂಜಿ ತೆರೆಯಬೇಕಾದ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋಗ್ರಾಂ. ಸಿಂಪರಣೆಯನ್ನು ನೋಡುವ ಕುತೂಹಲದಿಂದ ಅದರ ಮುಂದೆ ಅಂಗೈ ಒಡ್ಡುವವರಿದ್ದಾರೆ. ಇದು ಸರ್ವಥಾ ಕೂಡದು. ಆ ಒತ್ತಡದ ಡೀಸೆಲ್ ಸೂಜಿಮೊನೆಯಂತೆ ಚರ್ಮವನ್ನು ಭೇದಿಸಿ ಒಳಸೇರುತ್ತದೆ. ಹೊರಗೆ ಕಾಣುವುದು ಸಾಸಿವೆಯಷ್ಟು ಗಾಯ. ಒಳಗೆ ಅಂಗಾಂಶ ಕೊಳೆತು ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ಹಾಗಾದಲ್ಲಿ ನೋವಿಲ್ಲವೆಂದು ಉಪೇಕ್ಷಿಸದೆ ತತ್‌ಕ್ಷಣ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಹೋಗಬೇಕು.

ಬೆಳ್ಳನೆಯ ಹೊಗೆಯ ಪಕ್ಷದಲ್ಲಿ ವಿಚಾರ ಸೂಕ್ಷ್ಮವಾಗುತ್ತದೆ. ಬೋರ್ ಮಾಡಿದ ಸಿಲಿಂಡರಿಗೆ ಹೊಸ ರಿಂಗುಗಳು ಇನ್ನೂ ಒಗ್ಗಿರುವುದಿಲ್ಲ. ಅವುಗಳ ಪಕ್ಕದಿಂದ ಗಾಳಿ ಸೋರಿ ಶಾಖ ಸಾಲದಾಗುತ್ತದೆ. ಒಂದು ಸಣ್ಣ ಚಮಚ ಎಂಜಿನ್ ಎಣ್ಣೆಯನ್ನು ಗಾಳಿಯ ದಾರಿಯಲ್ಲಿ ಬಿಟ್ಟು, ಲಿವರ್ ಎತ್ತಿ ನಾಲ್ಕಾರು ಸುತ್ತು ತಿರುಗಿಸಿ, ಅನಂತರ ಪ್ರಯತ್ನಿಸಿದಾಗ ಎಂಜಿನ್ನು ಎದ್ದರೆ ಸೋರಿಕೆ ರಿಂಗಿನ ಬಳಿಯೆಂದು ನಿಶ್ಚಯವಾಯಿತು. ಚಮಚದ ಬದಲು ಲೋಟ ಹಿಡಿಯುವವರು ಕನೆಕ್ಟಿಂಗ್ ರಾಡು ಬಾಗಿಸಿಕೊಳ್ಳುತ್ತಾರೆ, ಏಕೆಂದರೆ ದ್ರವವು ಗಾಳಿಯಂತೆ ಅದುಮಿಸಿಕೊಳ್ಳುವುದಿಲ್ಲ. ಎಣ್ಣೆ ಬಿಟ್ಟರೂ ಫಲವಿಲ್ಲದಿದ್ದರೆ ದೃಷ್ಟಿಯನ್ನು ಹೆಡ್ಡಿನ ಕಡೆಗೆ ತಿರುಗಿಸಬೇಕು. ಇಲ್ಲಿ ಗ್ಯಾಸ್ಕೆಟ್ಟಿನ ದಪ್ಪವನ್ನು ಯಾರೂ ಲೆಕ್ಕಿಸುವುದಿಲ್ಲ. ಲೆಕ್ಕ ಹಾಕಿದರೆ ಬೆರಗಾಗುತ್ತದೆ. 80 ಮಿ.ಮೀ. ಒಳವ್ಯಾಸ, 110 ಮಿ.ಮೀ. ಓಟದ ಸಿಲಿಂಡರಿನಲ್ಲಿ ಪಿಸ್ಟನ್ನು ಗುಡಿಸುವ ಜಾಗ ಸುಮಾರು 553 ಘನ ಸೆಂ.ಮೀ.; ಅದುಮಿಕೆ ಹದಿನೇಳಕ್ಕೊಂದು ಇರಬೇಕಾದರೆ ಮೇಲೆ ಉಳಿಯುವ ಎಡೆ ಸುಮಾರು 34.6 ಘನ ಸೆಂ.ಮೀ. ಗ್ಯಾಸ್ಕೆಟ್ಟು ಕೇವಲ ಅರ್ಧ ಮಿಲಿಮೀಟರು ದಪ್ಪವಾದರೆ ಈ ಎಡೆಗೆ ಎರಡೂವರೆ ಘನ ಸೆಂ.ಮೀ. ಸೇರಿ, ಹದಿನೇಳು ಹೋಗಿ ಹದಿನಾರಕ್ಕೂ ಕೊಂಚ ಕೆಳಗೆ ಇಳಿಯುತ್ತದೆ. ಎಂಜಿನ್ನು ಬಿಸಿಯಿದ್ದಾಗ ಇದು ಗೊತ್ತಾಗದಿರಬಹುದು. ತಣ್ಣನೆಯ ಬೆಳಗಿನಲ್ಲಿ ಕೈಯಿಂದ ತಿರುಗಿಸುವಾಗ ಗೊತ್ತಾಗುತ್ತದೆ. ಪಿಸ್ಟನ್ನಿನ ನೆತ್ತಿಯ ಮೇಲೆ ಸೀಸದ ತಂತಿಯ ತುಂಡಿಟ್ಟು, ಹೆಡ್ಡು ಬಿಗಿದು, ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತಂತಿಯನ್ನು ಅಳೆದು ತಯಾರಕರ ಪುಸ್ತಕದೊಡನೆ ಹೋಲಿಸುವುದು ಹಳೆಯ ಮೇಸ್ತ್ರಿಗಳ ಕ್ರಮ. ಅದು ಇಂದಿಗೂ ಮಿಗಿಲಾದ ಕ್ರಮ.

ಇದಕ್ಕಿಂತ ಸುಲಭವಾಗಿ ಕಣ್ತಪ್ಪುವುದು ಡಿಕಂಪ್ರೆಷನ್ ಲಿವರಿನ ಸ್ಕ್ರೂ. ವಾಲ್ವುಗಳನ್ನು ಅರೆದು ಕೂರಿಸಿದಾಗ ಅವು ಕೊಂಚ ಒಳಸರಿದು ಅವುಗಳ ದಂಡ ಮೇಲಕ್ಕೆ ಏರುತ್ತದೆ. ಟ್ಯಾಪೆಟ್ಟನ್ನೇನೋ ಮತ್ತೆ ಅಳತೆಗೆ ತರುತ್ತಾರೆ. ಲಿವರಿನ ಸ್ಕ್ರೂ ಹಳೆಯ ಸ್ಥಾನದಲ್ಲಿಯೇ ಉಳಿಯುತ್ತದೆ. ಆಗ ಲಿವರ್ ಕೆಳಗೆ ಬಿದ್ದಿದ್ದರೂ ವಾಲ್ವು ಕೂದಲೆಳೆಯಷ್ಟು ತೆರೆದೇ ಇರಬಹುದು. ಹೊಸ ನಾಜಲ್, ಹೊಸ ಪಂಪು, ಮತ್ತೊಮ್ಮೆ ಹೊಸ ರಿಂಗು ಎಂದು ಸಾವಿರಾರು ರೂಪಾಯಿ ಸುರಿದ ಮೇಲೆ ಕಾಲು ಸುತ್ತು ಸ್ಕ್ರೂವಿನಿಂದ ಎಂಜಿನ್ನು ಎದ್ದರೆ ಯಾರನ್ನು ದೂರುವುದು?

ಇನ್ನು ಕಾಲ. ಪಿಸ್ಟನ್ನು ಮೇಲ್ತುದಿ ಮುಟ್ಟುವುದಕ್ಕೆ ಇಷ್ಟು ಡಿಗ್ರಿ ಮೊದಲು ಇಂಧನ ಹೊರಡಬೇಕೆಂಬ ನಿಯಮವಿದೆ. ಕಿರ್ಲೋಸ್ಕರ್ ಮಾದರಿಯ ಐದು ಅಶ್ವಶಕ್ತಿಯ ಎಂಜಿನ್ನಿನಲ್ಲಿ ಅದು 23 ಡಿಗ್ರಿ. ಗಾಲಿಯ ಸುತ್ತಳತೆ 1,260 ಮಿ.ಮೀ. ಇದ್ದರೆ ಒಂದು ಡಿಗ್ರಿಗೆ 3.5 ಮಿ.ಮೀ. ಆಗಿ, ಗಾಲಿಯ ಅಂಚಿನ ಮೇಲೆ 80.5 ಮಿ.ಮೀ. ದೂರ. ಪಂಪಿನ ಮೇಲಣ ಕೊಳವೆ ಬಿಚ್ಚಿ, ಗಾಲಿಯನ್ನು ಮೆಲ್ಲನೆ ತಿರುಗಿಸುತ್ತ, ಬಾಯಲ್ಲಿ ನಿಂತ ಡೀಸೆಲ್ ಯಾವ ಕ್ಷಣ ಅಲುಗುವುದೋ ಅಲ್ಲಿ ಗುರುತು ಹಾಕಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಪಂಪಿನ ಅಡಿಯ ತೆಳುತಗಡುಗಳನ್ನು ಹೆಚ್ಚಿಸಿದರೆ ಕಾಲ ಹಿಂದೆ ಬೀಳುತ್ತದೆ, ತೆಗೆದರೆ ಮುಂದಾಗುತ್ತದೆ. ಬಿಚ್ಚುವಾಗ ಆ ತಗಡುಗಳನ್ನು ಎಣಿಸಿಡದೆ ಹೋದರೆ ಈ ತೊಂದರೆ ತಪ್ಪಿದ್ದಲ್ಲ. ಕಾಲ ಅತಿಯಾಗಿ ಮುಂದಾದರೆ ಹ್ಯಾಂಡಲ್ ಹಿಂದಕ್ಕೆ ಒದೆಯುತ್ತದೆ. ಆದಕಾರಣ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಟ್ಟು ಹಿಡಿಯಬೇಕು, ಸುತ್ತಿ ಹಿಡಿಯಬಾರದು.

ಯಾವ ಪರೀಕ್ಷೆಯಲ್ಲಿಯೂ ಒಂದು ಸಲಕ್ಕೆ ಒಂದನ್ನೇ ಬದಲಿಸುವುದು ಮುಖ್ಯ. ತರ್ಕಶಾಸ್ತ್ರದಲ್ಲಿ ಅನ್ವಯ ವ್ಯತಿರೇಕಗಳೆಂದು ಕಲಿಸುವುದು ಇದನ್ನೇ: ಇದಿದ್ದರೆ ಅದುಂಟು, ಇದಿಲ್ಲದಿದ್ದರೆ ಅದಿಲ್ಲ. ನಾಜಲ್ಲು, ಗ್ಯಾಸ್ಕೆಟ್ಟು, ತಗಡು ಮೂರನ್ನೂ ಒಟ್ಟಿಗೆ ಬದಲಿಸಿ ಎಂಜಿನ್ನು ಎದ್ದರೆ ನೀರೇನೋ ಬಂದೀತು, ಕಾರಣ ತಿಳಿಯದು. ಮುಂದಿನ ಬೇಸಗೆಗೆ ಅದೇ ಕಷ್ಟ ಮತ್ತೆ ಬಂದಾಗ ಮತ್ತೆ ಮೂರಕ್ಕೂ ಹಣ ತೆರಬೇಕಾಗುತ್ತದೆ.

ತೋಟದ ಎಂಜಿನ್ನಿನಿಂದ ಮನೆಯಂಗಳದ ಕಾರಿಗೆ ಬಂದರೂ ವಿಚಾರದ ಹಾದಿ ಬೇರೆಯಲ್ಲ. ಪೆಟ್ರೋಲನ್ನು ವಿದ್ಯುನ್ಮಾನದಿಂದ ಚಿಮ್ಮಿಸುವ ಪದ್ಧತಿ 1967ರಲ್ಲಿ ವೋಕ್ಸ್‌ವ್ಯಾಗನ್ ಕಾರಿನಲ್ಲಿ ಬಂದಿತು. ನಮ್ಮ ದೇಶದ ರಸ್ತೆಗಳಲ್ಲಿ 2000ದ ಆಸುಪಾಸಿನಲ್ಲಿ ಅದು ಕಾರ್ಬ್ಯುರೇಟರನ್ನು ಸ್ಥಾನಪಲ್ಲಟಗೊಳಿಸಿತು. ಇಲ್ಲಿ ಪ್ಲಗ್ಗಿನ ಕಿಡಿ ಇದೆ, ಸುಮಾರು ಮೂರು ಕಿಲೋಗ್ರಾಂ ಒತ್ತಡದ ಇಂಧನವಿದೆ, ಎರಡಕ್ಕೂ ಆಜ್ಞೆ ಕೊಡುವ ಪುಟ್ಟ ಗಣಕವಿದೆ. ಬಿಚ್ಚಿ ಜೋಡಿಸಿದ ಕಾರು ಏಳದಿದ್ದಾಗ ಕಿಡಿ, ಇಂಧನ ಎರಡೂ ಒಟ್ಟಿಗೆ ಇಲ್ಲವೆಂದಾದರೆ ಎರಡಕ್ಕೂ ಸಾಮಾನ್ಯವಾದ ಕಾರಣವನ್ನೇ ಹುಡುಕಬೇಕು: ಕ್ರ್ಯಾಂಕಿನ ಸುತ್ತನ್ನು ಗಣಕಕ್ಕೆ ತಿಳಿಸುವ ಸೆನ್ಸರಿನ ತಂತಿ ಕೂಡಿದೆಯೇ, ಬ್ಯಾಟರಿಯಿಂದ ಎಂಜಿನ್ನಿನ ಮೈಗೆ ಬರುವ ಅರ್ತಿನ ಪಟ್ಟಿ ಬಿಗಿಯಾಗಿದೆಯೇ ಎಂದು. ಒಂದು ಮಾತ್ರ ಇಲ್ಲದಿದ್ದರೆ ಅದರ ದಾರಿಯನ್ನಷ್ಟೇ ಹಿಡಿದು ಹೋಗಬೇಕು. ಎರಡೂ ಇದ್ದು ಏಳದಿದ್ದರೆ ಟೈಮಿಂಗ್ ಬೆಲ್ಟು ಒಂದೆರಡು ಹಲ್ಲು ತಪ್ಪಿ ಕೂತಿರಬಹುದು. ಬೆಳಿಗ್ಗೆ ಮಾತ್ರ ಹಟ ಮಾಡುವ ಕಾರಿನಲ್ಲಿ ನೀರಿನ ಶಾಖ ಅಳೆಯುವ ಸೆನ್ಸರು ತಣ್ಣನೆಯ ಎಂಜಿನ್ನನ್ನು ಬಿಸಿಯೆಂದು ವರದಿ ಮಾಡುತ್ತಿದ್ದರೆ ಬೇಕಾದ ಹೆಚ್ಚುವರಿ ಪೆಟ್ರೋಲ್ ದೊರೆಯುವುದಿಲ್ಲ.

ಆದರೆ ಡೀಸೆಲ್ ಕಾರಿನ ವಿಷಯದಲ್ಲಿ ತೋಟದ ಅಭ್ಯಾಸವನ್ನು ಕೊಂಡೊಯ್ಯಬಾರದು. 1997ರಿಂದೀಚೆಗೆ ಬಂದ ಕಾಮನ್ ರೈಲ್ ಎಂಜಿನ್ನುಗಳ ಕೊಳವೆಗಳಲ್ಲಿ ಒತ್ತಡ ಸಾವಿರ ಕಿಲೋಗ್ರಾಮನ್ನೂ ಮೀರುತ್ತದೆ. ಅಲ್ಲಿ ಗಾಳಿ ತೆಗೆಯಲೆಂದು ತಿರುಗುತ್ತಿರುವ ಎಂಜಿನ್ನಿನ ನಟ್ಟು ಸಡಿಲಿಸುವುದು ಪ್ರಾಣಾಪಾಯಕರ. ಪೆಟ್ರೋಲ್ ಕಾರಿನಲ್ಲಿ ಒತ್ತಡ ಕಡಿಮೆಯೇ ಆದರೂ ಮೊದಲು ಅದನ್ನು ಇಳಿಸಿಯೇ ಕೊಳವೆಗೆ ಕೈಹಾಕಬೇಕು. ಚಿಮ್ಮಿದ ಪೆಟ್ರೋಲಿಗೆ ಒಂದು ಕಿಡಿ ಸಾಕು.

ಎಂಜಿನ್ನು ಎದ್ದ ದಿನವೇ ಪೂರ್ಣ ಭಾರ ಹೊರಿಸದೆ, ಮೊದಲ ಕೆಲವು ಗಂಟೆ ಹಗುರವಾಗಿ ನಡೆಸಿ, ಆರಿದ ಮೇಲೆ ಹೆಡ್ಡಿನ ನಟ್ಟುಗಳನ್ನು ಪುಸ್ತಕದ ಕ್ರಮದಲ್ಲಿ ಮತ್ತೊಮ್ಮೆ ಬಿಗಿಯಬೇಕು. ಹಾಗೆ ಬಿಗಿದಾಗ ಗ್ಯಾಸ್ಕೆಟ್ಟು ಇನ್ನಷ್ಟು ಕೂರುವುದರಿಂದ ಟ್ಯಾಪೆಟ್ಟಿನ ಎಡೆ ಕಡಿಮೆಯಾಗಿರುತ್ತದೆ. ಅದನ್ನೂ, ಅದರ ಜೊತೆಗೆ ಲಿವರಿನ ಸ್ಕ್ರೂವನ್ನೂ ಪುನಃ ಅಳತೆಗೆ ತಂದು, ತಗಡುಗಳ ಸಂಖ್ಯೆಯನ್ನು ಪಂಪ್‌ಹೌಸಿನ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿಡಬೇಕು.